ತ್ರಿಷಾ ಬರೆದುಕೊಳ್ಳುತ್ತಿದ್ದ ಹುಬ್ಬು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಜಾಸ್ತಿ. ಔಷಧದಿಂದ ಬಂದದ್ದಲ್ಲ, ಹುಟ್ಟಿನಿಂದಲೇ ಇತ್ತು. ಆದರೆ ಹದಿನೇಳನೇ ವಯಸ್ಸಿನಲ್ಲಿ, ಸೆಕೆಂಡ್ ಪಿಯು ಓದುತ್ತಿದ್ದಾಗ, ಕುತ್ತಿಗೆಯ ಪಕ್ಕ ನಿಂಬೆಹಣ್ಣಿನ ಗಾತ್ರದ ಗಂಟು ಎದ್ದಿತು. ಹಾಸನದ ಒಂದು ಆಸ್ಪತ್ರೆಯಲ್ಲಿ ಹದಿನೈದು ದಿನಕ್ಕೊಂದರಂತೆ ಹನ್ನೆರಡು ಡ್ರಿಪ್ ಹಾಕಬೇಕೆಂದರು. ಅಂದಿನಿಂದ ಮನೆಯವರು ನನ್ನ ಕೋಪವನ್ನೆಲ್ಲ ಸಹಿಸಿಕೊಳ್ಳತೊಡಗಿದರು. ಉಪ್ಪಿಟ್ಟಿನ ತಟ್ಟೆ ತಳ್ಳಿದರೆ ಅವ್ವ 'ಆಯ್ತು ಕಣವ್ವ, ದೋಸೆ ಹುಯ್ತೀನಿ' ಅನ್ನುತ್ತಿದ್ದಳು. ಬೈದರೆ ತಿರುಗಿ ಬೈಯುವವರೇ ಇಲ್ಲ. ಜಗಳಗಂಟಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ? ಆ ಶಿಕ್ಷೆಯಿಂದ ನನ್ನನ್ನು ಬಿಡಿಸಿದವಳು ಚನ್ನರಾಯಪಟ್ಟಣದ ಪಾತ್ರೆ ಅಂಗಡಿ ಇಂದ್ರಕುಮಾರರ ಮಗಳು ತ್ರಿಷಾ. ಇದು ಅವಳ ಕಥೆ. ನನ್ನ ಹೆಸರು ಸೌಜನ್ಯ. ಹೆಸರಿಟ್ಟವರು ದುಡುಕಿದರು ಎಂದು ತ್ರಿಷಾ ಹೇಳುತ್ತಾಳೆ.

ಡ್ರಿಪ್ ಹಾಕುವ ಕೋಣೆಯಲ್ಲಿ ಆರು ಕುರ್ಚಿಗಳಿದ್ದವು. ಕಿಟಕಿಯ ಪಕ್ಕದ್ದು ಒಂದೇ. ಎರಡನೇ ಡ್ರಿಪ್ಪಿನ ದಿನ ನಾನು ಮುಂಚೆಯೇ ಬಂದು ಅದರಲ್ಲಿ ಕುಳಿತಿದ್ದೆ. ತಲೆಯ ಮೇಲೆ ದುಪಟ್ಟಾ, ಮುಖದ ಮೇಲೆ ಮಾಸ್ಕು, ಯಾರೂ ಮಾತಾಡಿಸಬಾರದೆಂಬ ಭಂಗಿ. ಎದುರಿಗೆ ಒಬ್ಬಳು ಬಂದು ನಿಂತಳು. ನನ್ನದೇ ವಯಸ್ಸು, ಬೋಳುತಲೆ, ಮುಚ್ಚಿಕೊಂಡಿರಲಿಲ್ಲ. ನನ್ನ ಹಾಗೆಯೇ ಹುಬ್ಬಿನ ಕೂದಲೂ ಉದುರಿತ್ತು. ಅದರ ಜಾಗದಲ್ಲಿ ಕಪ್ಪು ಪೆನ್ಸಿಲಿನಿಂದ ಹುಬ್ಬು ಬರೆದುಕೊಂಡಿದ್ದಳು. ಬಲಗಡೆಯದು ಎಡಗಡೆಯದಕ್ಕಿಂತ ಅರ್ಧ ಇಂಚು ಮೇಲಿದ್ದುದರಿಂದ ಏನು ಕಂಡರೂ ಆಶ್ಚರ್ಯಪಡುವವಳ ಹಾಗೆ ಕಾಣುತ್ತಿದ್ದಳು.

"ಅದು ನನ್ನ ಕುರ್ಚಿ," ಅಂದಳು.

"ಹೆಸರು ಬರೆದಿಲ್ಲ," ಅಂದೆ.

"ಬಾಯಿ ಜೋರಿದೆ. ಒಳ್ಳೇದು. ಇಲ್ಲಿರೋರೆಲ್ಲ ಅಳುಬುರುಕರು. ಮನೇಲಿ ತಲೆಗೆ ಏನಂತ ಹೇಳಿದ್ದಾರೆ?"

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಕೂದಲು ಹೋಗಿರುವುದಕ್ಕೆ ಊರವರಿಗೆ ನಿಮ್ಮ ಮನೆಯಲ್ಲಿ ಏನೆಂದು ಸುಳ್ಳು ಹೇಳಿದ್ದಾರೆ ಅಂತ. ಹೇಳದೆ ಇರುವವರು ಈ ಜಿಲ್ಲೆಯಲ್ಲೇ ಇಲ್ಲ, ನಾಚಿಕೊಳ್ಳಬೇಡ ಅಂದಳು.

ನಮ್ಮದು ಸಾಲಗಾಮೆ. ಅಪ್ಪ ಮಂಜುನಾಥ ಆಲೂಗಡ್ಡೆ, ಜೋಳ ಬೆಳೆಯುವ ಮನುಷ್ಯ. ಸುಳ್ಳಿನಲ್ಲಿ ಅಭ್ಯಾಸ ಸಾಲದು. ನನ್ನ ತಲೆ ಬೋಳಾದ ದಿನ 'ತಿರುಪತಿಗೆ ಮುಡಿ ಕೊಟ್ಟು ಬಂದ್ವಿ' ಅಂದುಬಿಟ್ಟ. ಅದೇ ದಿನ ಅವ್ವ ಹಾಲಿನ ಡೈರಿಯಲ್ಲಿ 'ಧರ್ಮಸ್ಥಳಕ್ಕೆ ಹರಕೆ ಇತ್ತು' ಅಂದಿದ್ದಳು. ಇಬ್ಬರೂ ಮೊದಲು ಕೂತು ಮಾತಾಡಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು? ಎದುರುಮನೆಯ ಚಿಕ್ಕಲಕ್ಷ್ಮಮ್ಮಜ್ಜಿ ಮಾರನೆಯ ಬೆಳಿಗ್ಗೆಯೇ ಜಗುಲಿಗೆ ಬಂದು, "ತಿರುಪ್ತಿಗ್ ಓಗಿದ್ದೋರು ಬೀದಿಗೆಲ್ಲಾ ಲಾಡು ಅಂಚ್ಬೇಕಲ್ವೇನ್ಲಾ ಮಂಜ?" ಎಂದು ಕೇಳಿತು. ಅಪ್ಪ, "ಖಾಲಿಯಾಗ್ಬುಟ್ಟಿತ್ತು ಕಣಮ್ಮೋ," ಅಂದ. ತಿರುಪತಿಯಲ್ಲಿ ಲಾಡು ಖಾಲಿ. ಅಂದಿನಿಂದ ಅಜ್ಜಿ ವಾರಕ್ಕೊಮ್ಮೆ ತಪ್ಪದೆ ನನ್ನನ್ನೇ ಹಿಡಿದು, "ಕೂಸೇ, ಲಾಡು ಎಲ್ಲವ್ವ?" ಎಂದು ಕೇಳುವುದು ರೂಢಿಯಾಯಿತು. ಈ ಮುದುಕಿಗೆ ಎಂಥ ಲಾಡಿನ ಹುಚ್ಚು ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇದನ್ನು ಹೇಳಿದಾಗ ತ್ರಿಷಾ ನಕ್ಕ ನಗುವಿಗೆ ಅವಳ ಡ್ರಿಪ್ಪಿನ ಸೂಜಿಯೇ ಅಲುಗಿತು. ನಾಲ್ಕನೇ ಕುರ್ಚಿಯಿಂದ ಇನ್ನೊಬ್ಬ ನಕ್ಕ. ಅವನು ಪರಮೇಶ್. ಅರಕಲಗೂಡಿನ ಕಡೆಯವನು, ಹದಿನಾರು ವರ್ಷ, ಮೊಣಕಾಲಿನ ಮೂಳೆಗೆ ಕಾಯಿಲೆ, ಕಂಕುಳಲ್ಲಿ ಊರುಗೋಲು. ಅವನ ಮನೆಯ ಸುಳ್ಳು ನಮ್ಮದನ್ನೂ ಮೀರಿಸಿದ್ದು. ಅವನ ತಾಯಿ ಪೇಟೆಯಲ್ಲಿ ಯಾರೋ ಕೇಳಿದಾಗ ಗಾಬರಿಯಿಂದ, "ಅವ್ರ ತಾತ ತೀರ್ಕಂಡ್ರು, ಅದ್ಕೇ ತಲೆ ಬೋಳ್ಸಿದ್ದು," ಅಂದುಬಿಟ್ಟಿದ್ದಳು. ತಾತ ಮಂಚಯ್ಯ ಆಗ ಮನೆಯಲ್ಲಿ ಮುದ್ದೆ ಉಣ್ಣುತ್ತಿದ್ದ. ಆ ಶನಿವಾರ ಸಂತೆಗೆ ಹೋದಾಗ ಹಳೆಯ ಸ್ನೇಹಿತ ಪಾಲಾಕ್ಷ ಅವನನ್ನು ಕಂಡು ತರಕಾರಿ ಚೀಲವನ್ನು ಅಲ್ಲೇ ಬಿಟ್ಟು ಓಡಿದನಂತೆ.

"ಆಮೇಲೆ?" ಎಂದು ಕೇಳಿದೆ.

"ಆಮ್ಯಾಕೆ ನಮ್ ತಾತನೇ ಓಗಿ, ಸತ್ತಿದ್ದು ನಾನಲ್ಲ, ನಮ್ಮಣ್ಣ ಅಂತ ಏಳ್ಬುಟ್ಟು ಬಂತು. ನಮ್ ತಾತಂಗೆ ಅಣ್ಣನೇ ಇಲ್ಲ. ಮನೇಗ್ ಬಂದು ನಮ್ಮವ್ವಂಗೆ, ಓಗ್ಲಿ ಬುಡವ್ವ, ನನ್ ಸಾವು ಇವ್ನಿಗೆ ಆಯಸ್ಸಾಗ್ಲಿ ಅಂತು."

ಕೊನೆಯ ಮಾತು ಹೇಳುವಾಗ ಅವನ ದನಿ ಸ್ವಲ್ಪ ತಗ್ಗಿತು. ತ್ರಿಷಾ ತಕ್ಷಣ, "ಪರಮೇಶ್‌ಗೆ ಮೊದಲ ಬಹುಮಾನ. ಮುಂದಿನ ಸಲ ಕಿಟಕಿ ಕುರ್ಚಿ ಅವನದು," ಎಂದು ಘೋಷಿಸಿದಳು. ಬೋಳು ಸಂಘ ಹುಟ್ಟಿದ್ದು ಹೀಗೆ. ಅಧ್ಯಕ್ಷೆ ಅವಳೇ, ಯಾರೂ ಆರಿಸಲಿಲ್ಲ. ಸದಸ್ಯರು ಪ್ರತಿ ಡ್ರಿಪ್ಪಿಗೂ ಮನೆಯ ಹೊಸ ಸುಳ್ಳೊಂದನ್ನು ತರಬೇಕು. ಒಳ್ಳೆಯ ಸುಳ್ಳು ತಂದವರಿಗೆ ಕಿಟಕಿ ಕುರ್ಚಿ.

ಅವಳದೂ ನನ್ನಂಥದೇ ಗಂಟು; ನನಗಿಂತ ಮೊದಲೇ ಶುರುವಾಗಿ ಜ್ವರದಿಂದ ನಡುವೆ ನಿಂತು, ಡ್ರಿಪ್ಪಿನ ಲೆಕ್ಕದಲ್ಲಿ ನನ್ನ ಸಮಕ್ಕೇ ಇದ್ದಳು. ಸುಳ್ಳಿನ ಜೊತೆಗೆ ಅವಳು ನಿಜವನ್ನೂ ಕಲಿಸಿದಳು. ಕೆಂಪು ಔಷಧ ಇಳಿಯುವಾಗ ಬೆಟ್ಟದ ನೆಲ್ಲಿಕಾಯಿಯ ಒಣ ಚೂರು ಬಾಯಲ್ಲಿಟ್ಟುಕೋ. ಉಚ್ಚೆ ಕೆಂಪಗೆ ಹೋದರೆ ಕಿರುಚಬೇಡ, ಅದು ರಕ್ತ ಅಲ್ಲ, ಔಷಧದ ಬಣ್ಣ. ಮೂರನೇ ದಿನ ಎಲ್ಲರ ಮೇಲೂ ಸಿಟ್ಟು ಬರುತ್ತೆ, ಆವತ್ತು ನನಗೆ ಫೋನ್ ಮಾಡಿ ಬೈ. ನಾನು ಮಾಡುತ್ತಿದ್ದೆ. ಅವಳು ತಿರುಗಿ ಬೈಯುತ್ತಿದ್ದಳು. ದೇವರಾಣೆಗೂ ಅಷ್ಟು ಹಿತ ನನಗೆ ಯಾವ ಮಾತ್ರೆಯಿಂದಲೂ ಆಗಿಲ್ಲ.

ಮೂರನೇ ಡ್ರಿಪ್ಪಿನ ನಂತರ ನಾನು ಇನ್ನು ಹೋಗುವುದಿಲ್ಲ ಎಂದು ಹಟ ಹಿಡಿದೆ. ಅಪ್ಪ ಕಾಲು ಹಿಡಿಯುವುದೊಂದು ಬಾಕಿ. ನಾಲ್ಕನೆಯದರ ದಿನ ಬೆಳಿಗ್ಗೆ ಫೋನು ಬಂತು. "ನೀನು ಬರದಿದ್ರೆ ಕುರ್ಚಿಗೆ ನಾನು ಯಾರ ಹತ್ರ ಜಗಳ ಆಡ್ಲಿ?" ಅಂದಳು, ಇಟ್ಟಳು. ಅಷ್ಟೇ. ನಾನು ಎದ್ದು ಜಗಳಕ್ಕೆಂದು ಹೋದೆ. ಹೋದ ಮೇಲೆ ಡ್ರಿಪ್ಪೂ ಹಾಕಿದರು.

ಅಪ್ಪನಿಗೂ ಇಂದ್ರಕುಮಾರರಿಗೂ ಗೆಳೆತನವಾಯಿತು. ಒಂದು ದಿನ ಅಪ್ಪ ಪ್ರೀತಿಯಿಂದ ಅರ್ಧ ಮೂಟೆ ಆಲೂಗಡ್ಡೆ ಹೊತ್ತು ತಂದು ಅವರಿಗೆ ಕೊಟ್ಟ. ಜೈನರ ಆ ಮನೆಯಲ್ಲಿ ನೆಲದೊಳಗೆ ಬೆಳೆಯುವುದನ್ನು ಒಳಗೆ ಬಿಡುವುದಿಲ್ಲ. ಇಂದ್ರಕುಮಾರರು ಎರಡೂ ಕೈಯಿಂದ ಮೂಟೆ ಇಸಿದುಕೊಂಡು, ತುಂಬ ಸಂತೋಷ ಗೌಡ್ರೇ ಎಂದು ಹೇಳಿ, ಹೋಗುವಾಗ ಗೇಟಿನ ವಾಚ್‌ಮನ್‌ಗೆ ಕೊಟ್ಟುಹೋದರು. ಯಾರಿಗೂ ಇಲ್ಲ ಅನ್ನಲಾರದ ಮನುಷ್ಯ. ಮುಂದೆ ಆದ ಎಡವಟ್ಟಿಗೆಲ್ಲ ಆ ಸ್ವಭಾವವೇ ಕಾರಣ.

ತ್ರಿಷಾಳ ಮನೆಯಲ್ಲಿ ಸುಳ್ಳನ್ನೇ ಹೇಳಿರಲಿಲ್ಲ. ಅವಳನ್ನು ಒಂದು ಕೋಣೆಯಲ್ಲಿ ಇಟ್ಟಿದ್ದರು, ಬಂದವರಿಗೆ ಹುಷಾರಿಲ್ಲ ಅನ್ನುತ್ತಿದ್ದರು. ಏಳನೇ ಡ್ರಿಪ್ಪಿನ ಹೊತ್ತಿಗೆ ಶ್ರವಣಬೆಳಗೊಳದಿಂದ ಅವಳ ಸೋದರತ್ತೆ ಶ್ರದ್ಧಾ ಬಂದವರು ನೇರ ಕೋಣೆಗೆ ನುಗ್ಗಿದರು. ಅಲ್ಲಿ ಅವರು ಕಂಡದ್ದಿಷ್ಟು: ಬೋಳುತಲೆ. ಬಿಳಿ ಹತ್ತಿ ನೈಟಿ. ಕಾಯಿಸಿ ಆರಿಸಿದ ನೀರಿನ ಚೆಂಬು. ಹಸಿಯದು, ಹೊರಗಿನದು ಏನೂ ಮುಟ್ಟದೆ, ಸಂಜೆ ಆರರೊಳಗೆ ಊಟ ಮುಗಿಸಿ, ಯಾರ ಜೊತೆಗೂ ಬೆರೆಯದೆ ಒಬ್ಬಳೇ ಕುಳಿತಿರುವ ಹುಡುಗಿ. ಎಲ್ಲವೂ ಡಾಕ್ಟರು ಸೋಂಕು ತಗುಲದಿರಲೆಂದು ಹೇಳಿದ್ದ ನಿಯಮಗಳು, ಆರು ಗಂಟೆಯದೊಂದು ಅಜ್ಜಿಯ ನಿಯಮ. ಆದರೆ ತಲೆ ಬೋಳಾದ, ಬಿಳಿ ಸೀರೆಯ ಜೈನ ಸನ್ಯಾಸಿನಿ ಮಾತಾಜಿಗಳನ್ನು ನೋಡಿ ಬೆಳೆದ ಕಣ್ಣಿಗೆ ಅದು ಬೇರೆಯೇ ಆಗಿ ಕಂಡಿತು. ಶ್ರದ್ಧಾ ಅತ್ತೆ ಕಣ್ಣೀರಿಟ್ಟು, ಹೊರಗೆ ಬಂದು ಅಣ್ಣನನ್ನು, "ನಮ್ಮ ತ್ರಿಷಾ ದೀಕ್ಷೆ ತಗೋತಾಳಾ ಅಣ್ಣಾ?" ಎಂದು ಕೇಳಿದರು.

ಇಂದ್ರಕುಮಾರರಿಗೆ ಅಳು ಒತ್ತಿ ಬಂದಿತ್ತು. ಬಾಯಿ ತೆರೆದರೆ ಅತ್ತುಬಿಡುತ್ತೇನೆಂದು ಸುಮ್ಮನೆ ಕೈ ಮುಗಿದರು. ಅತ್ತೆ ಅದನ್ನು ಹೌದು ಎಂದುಕೊಂಡರು. ಮೂರು ದಿನದಲ್ಲಿ ಬೆಳಗೊಳದಿಂದ ಮೈಸೂರಿನವರೆಗೂ ಸುದ್ದಿ ಹೋಯಿತು. ತ್ರಿಷಾಳ ದೊಡ್ಡಪ್ಪ, ಚಿಕ್ಕಪ್ಪಂದಿರು ಬಂದು ಅವಳಿಗೆ ಕೈ ಮುಗಿಯತೊಡಗಿದರು.

ಎಂಟನೇ ಡ್ರಿಪ್ಪಿನಲ್ಲಿ ಅವಳು ಇದನ್ನು ಹೇಳಿದಾಗ ನಾನೂ ಪರಮೇಶನೂ ಬಿದ್ದು ಬಿದ್ದು ನಕ್ಕೆವು. ಕಿಟಕಿ ಕುರ್ಚಿ ಕೊಟ್ಟೆವು. ಅವಳು ನಗಲಿಲ್ಲ.

"ನಿಜವಾಗಿ ದೀಕ್ಷೆ ತಗೊಳ್ಳೋರು ಕೂದಲನ್ನ ಕೈಯಾರೆ ಕಿತ್ಕೋತಾರೆ ಸೌಜನ್ಯ. ನಂದು ದಿಂಬಿನ ಮೇಲೆ ಉದುರಿದ್ದು. ನಮ್ಮ ಅತ್ತೆ ನನಗೆ ಬಗ್ಗಿ ನಮಸ್ಕಾರ ಮಾಡಿದ್ರು. ನನಗೆ ಎಷ್ಟು ನಾಚಿಕೆ ಆಯ್ತು ಗೊತ್ತಾ? ನನಗೆ ಗೋಬಿ ಮಂಚೂರಿ ತಿನ್ನೋ ಆಸೆ, ಇವರಿಗೆ ನನ್ನಲ್ಲಿ ವೈರಾಗ್ಯ ಕಾಣುತ್ತೆ."

"ಇಲ್ಲ ಅಂತ ಹೇಳ್ಬಿಡು."

"ಹಾಗಾದ್ರೆ ಕೂದಲು ಎಲ್ಲಿ ಅಂತ ಕೇಳ್ತಾರೆ."

ಕಾಯಿಲೆಯ ಹೆಸರನ್ನು ನಾನೂ ಆವರೆಗೆ ಬಾಯಿಬಿಟ್ಟು ಆಡಿರಲಿಲ್ಲ. ಅಪ್ಪ ಅದನ್ನು ಗಂಟು ಅನ್ನುತ್ತಿದ್ದ, ಅವ್ವ ಜ್ವರ ಅನ್ನುತ್ತಿದ್ದಳು, ಸಂಘದಲ್ಲಿ ನಾವು 'ಅದು' ಅನ್ನುತ್ತಿದ್ದೆವು.

ಒಂಬತ್ತನೇ ಡ್ರಿಪ್ಪು ಒಂದು ಗುರುವಾರ. ತ್ರಿಷಾಳ ಕುರ್ಚಿ ಖಾಲಿ. ಫೋನಿಗೆ ಮೆಸೇಜು ಬಂತು: 'ಇವತ್ತು ಬರಲ್ಲ. ದೀಕ್ಷೆಗೆ ಹೋಗೋಳು ಅಂತ ಮನೇಲಿ ನನಗೆ ಮಡಿಲು ತುಂಬ್ತಾರೆ. ನಾಳೆ ಅತ್ತೆ ಜೊತೆ ಬೆಳಗೊಳಕ್ಕೆ ಹೋಗಿ ಮೂರು ತಿಂಗಳು ಇರಬೇಕಂತೆ. ಗಂಟು ಕರಗಿದೆಯಲ್ಲ, ಔಷಧಿ ಸಾಕು ಅಂತ ಅಜ್ಜಿ. ಕಿಟಕಿ ಕುರ್ಚಿ ನೀನೇ ಇಟ್ಕೋ.'

ಗಂಟು ಕರಗಿದರೂ ಹನ್ನೆರಡು ಮುಗಿಸಲೇಬೇಕು, ನಡುವೆ ಬಿಟ್ಟರೆ ತಿರುಗಿ ಬರುತ್ತದೆ, ಬಂದರೆ ಮೊದಲಿನಷ್ಟು ಸುಲಭವಲ್ಲ ಎಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು. ಇನ್ನೂ ನಾಲ್ಕು ಬಾಕಿ. ಹುಡುಗಿ ಸಾಯುತ್ತಾಳೆ, ಅದೂ ಮಡಿಲು ತುಂಬಿಸಿಕೊಂಡು, ಎಂದು ನನಗೆ ಎಲ್ಲಿಲ್ಲದ ಸಿಟ್ಟು ಬಂತು.

ರಕ್ತಪರೀಕ್ಷೆಗೆ ಕೊಟ್ಟಾಗಿತ್ತು. ರಿಪೋರ್ಟು ಬಂದು ನಮ್ಮ ಸರದಿ ಬರುವುದು ಮಧ್ಯಾಹ್ನ. ಔಷಧದ ಕ್ಯೂನಲ್ಲಿ ನಿಂತಿದ್ದ ಅಪ್ಪನಿಗೆ, "ಪರಮೇಶನ ಜೊತೆ ಎಳನೀರು ಕುಡಿದು ಬರ್ತೀನಿ," ಅಂದೆ. ಪೂರ್ತಿ ಸುಳ್ಳೇನಲ್ಲ, ಎಳನೀರಿಗೆ ಚನ್ನರಾಯಪಟ್ಟಣವೇ ವಾಸಿ. ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದೆವು.

ಬಸ್ಸಿನಲ್ಲಿ ಕಂಡಕ್ಟರು ಫ್ರೀ ಟಿಕೆಟ್ಟಿಗೆ ಆಧಾರ್ ಕೇಳಿದ. ಕಾರ್ಡಿನಲ್ಲಿ ಎರಡು ಜಡೆ, ಮಲ್ಲಿಗೆ ಹೂವು. ಎದುರಿಗೆ ಬೋಳುತಲೆ.

"ಯಾರವ್ವ ಇದು?"

"ನಾನೇ."

"ಕೂದ್ಲು?"

"ತಿರುಪತಿ," ಅಂದೆ, ಅಭ್ಯಾಸಬಲ.

ಅವನು ಪಕ್ಕದಲ್ಲಿದ್ದ ಪರಮೇಶನ ತಲೆಯನ್ನೂ ನೋಡಿ, "ಇಬ್ರೂ ಒಟ್ಗೇ ಓಗಿದ್ರಾ?" ಅಂದ.

"ಇಲ್ಲ ಸಾ. ನಮ್ ತಾತ ಓಗ್ಬುಟ್ರು," ಅಂದ ಪರಮೇಶ್. ಕಂಡಕ್ಟರು ಮರುಕದಿಂದ ಅವನಿಗೆ ಕಿಟಕಿ ಸೀಟು ಮಾಡಿಕೊಟ್ಟ. ಕಿಟಕಿಯ ವಿಷಯದಲ್ಲಿ ಅವನ ಅದೃಷ್ಟವೇ ಅದೃಷ್ಟ.

ತ್ರಿಷಾಳ ಮನೆ ಮುಂದೆ ಶಾಮಿಯಾನ. ಒಳಗೆ ನಡುಮನೆಯಲ್ಲಿ ಐವತ್ತು ಅರವತ್ತು ಜನ, ತಟ್ಟೆಗಳಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ. ಮಣೆಯ ಮೇಲೆ ಜರಿಯಂಚಿನ ಬಿಳಿ ಸೀರೆಯಲ್ಲಿ ನಮ್ಮ ಅಧ್ಯಕ್ಷೆ. ಅಂದು ಹುಬ್ಬು ಬೇರೆ ಯಾರೋ ಬರೆದಿರಬೇಕು, ಎರಡೂ ಸಮವಾಗಿದ್ದವು. ಸಮವಾದ ಹುಬ್ಬಿನಲ್ಲಿ ಅವಳು ಯಾವುದಕ್ಕೂ ಆಶ್ಚರ್ಯಪಡದವಳಾಗಿ ಕಂಡಳು. ಬಾಗಿಲಲ್ಲಿದ್ದ ಶ್ರದ್ಧಾ ಅತ್ತೆ ನಮ್ಮ ತಲೆಗಳನ್ನು ನೋಡಿ, "ನೀವೂ ದೀಕ್ಷಾರ್ಥಿಗಳಾ ಅಮ್ಮಾ?" ಎಂದು ನನಗೆ ಬಗ್ಗಿ ಕೈ ಮುಗಿದರು. ನಾನು ಗೌಡರ ಹುಡುಗಿ. ಬೆಳಿಗ್ಗೆ ಎರಡು ಮೊಟ್ಟೆ ತಿಂದು ಬಂದಿದ್ದೆ.

ಮಣೆಯ ಹತ್ತಿರ ಹೋಗಿ, "ಏಳು, ಹನ್ನೆರಡೂವರೆಯೊಳಗೆ ಅಲ್ಲಿರಬೇಕು," ಅಂದೆ.

ತ್ರಿಷಾ ತಲೆ ಎತ್ತದೆ, "ಹೋಗು ಸೌಜನ್ಯ. ಎಲ್ಲಾ ಊರಿಂದ ಬಂದಿದ್ದಾರೆ. ಅಪ್ಪನ ಮುಖ ನೋಡು," ಅಂದಳು. ಇಂದ್ರಕುಮಾರರು ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು.

"ಯಾರಮ್ಮ ನೀನು?" ಎಂದು ಕೇಳಿದವರು ಅವಳ ಅಜ್ಜಿ ರಾಜೀಮತಿ. ತೆಳ್ಳನೆಯ ಮುದುಕಿ, ನೆಟ್ಟಗೆ ಕುಳಿತಿದ್ದರು. ಮನೆಯ ಮಾತೆಲ್ಲ ಅವರದೇ ಎಂದು ನೋಡಿದರೇ ಗೊತ್ತಾಗುತ್ತಿತ್ತು.

ಬರುವಾಗ ಬಸ್ಸಿನಲ್ಲಿ ಚಂದದ ಮಾತು ಜೋಡಿಸಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. ಹೆಗಲಿಗೆ ಜಾರಿದ್ದ ದುಪಟ್ಟಾವನ್ನು ಪೂರ್ತಿ ತೆಗೆದೆ.

"ಅಜ್ಜಿ, ನನಗೆ ಕ್ಯಾನ್ಸರ್," ಅಂದೆ. "ಇವನಿಗೂ. ತ್ರಿಷಾಗೂ. ದೀಕ್ಷೆ ಅಲ್ಲ, ಏನೂ ಅಲ್ಲ. ಔಷಧಿಯಿಂದ ಕೂದಲು ಉದುರಿದೆ. ಇನ್ನು ನಾಲ್ಕು ಡ್ರಿಪ್ ಇದೆ. ಬಿಟ್ರೆ ತಿರುಗಿ ಬರುತ್ತೆ ಅಂತ ಡಾಕ್ಟ್ರು ಹೇಳಿದ್ದಾರೆ. ನಾನು ಬಿಡ್ತೀನಿ ಅಂದಾಗ ಇವಳೇ ಫೋನ್ ಮಾಡಿ ಕರೆಸಿದ್ದು. ಈಗ ಇವಳು ಬರದಿದ್ರೆ ಕುರ್ಚಿಗೆ ನಾನು ಯಾರ ಹತ್ರ ಜಗಳ ಆಡ್ಲಿ?"

ಅಷ್ಟು ಹೇಳುವಷ್ಟರಲ್ಲಿ ಮೂಗು ಸೋರುತ್ತಿತ್ತು. ಜನರ ಮುಂದೆ ಅಳುವುದು ನನಗೆ ಅಸಹ್ಯ. ಅತ್ತುಬಿಟ್ಟೆ.

ರಾಜೀಮತಿ ಅಜ್ಜಿ ನನ್ನ ತಲೆ ನೋಡಿದರು, ಪರಮೇಶನ ತಲೆ ನೋಡಿದರು, ಊರುಗೋಲು ನೋಡಿದರು.

"ನಿಮ್ಮ ಮನೆಗಳಲ್ಲೂನಾ?" ಅಂದರು.

"ಊ ಕಣಜ್ಜಿ. ಅಲ್ಲಿ ಆರು ಕುರ್ಚಿ ಅವೆ. ಒಂದಿನಾನೂ ಖಾಲಿ ಇರಾಕಿಲ್ಲ," ಅಂದ ಪರಮೇಶ್.

"ನಾನು ನಮ್ಮ ಮನೆಗೆ ಮಾತ್ರ ಬಂತು ಅಂದ್ಕೊಂಡಿದ್ದೆ," ಎಂದರು ಅಜ್ಜಿ. "ಏನು ಪಾಪ ಮಾಡಿದ್ದೆನೋ, ಮಗೂಗೆ ಬಂತು ಅಂತ ದಿನಾ ಕೂತು ಯೋಚನೆ ಮಾಡ್ತಿದ್ದೆ. ಅವಳನ್ನ ಧರ್ಮಕ್ಕೆ ಒಪ್ಪಿಸಿದ್ರೆ ಆ ಪಾಪ ಕಳೆಯುತ್ತೆ ಅಂತಿದ್ದೆ."

"ಹಾಗಾದ್ರೆ ದೀಕ್ಷೆ, ಅಮ್ಮಾ?" ಎಂದು ಶ್ರದ್ಧಾ ಅತ್ತೆ ಮೆಲ್ಲಗೆ ಕೇಳಿದರು.

"ಅವಳು ಬದುಕಲಿ. ಆಮೇಲೆ ದೀಕ್ಷೆ ಬೇಕೋ ಮಂಚೂರಿ ಬೇಕೋ ಅವಳೇ ಹೇಳ್ತಾಳೆ," ಅಂದರು ಅಜ್ಜಿ. ಮೊಮ್ಮಗಳ ಮಂಚೂರಿ ಆಸೆ ಅವರ ಕಿವಿಗೂ ಬಿದ್ದಿತ್ತೆಂದು ಆಗ ತಿಳಿಯಿತು. ಎದ್ದು ತಟ್ಟೆ ತೆಗೆದುಕೊಂಡರು. "ತುಂಬೋಕೆ ತಂದದ್ದು ಸುಮ್ನೆ ಇಡಬಾರದು. ಬನ್ನಿ, ಮೂರೂ ಮಕ್ಕಳೂ ಕೂತ್ಕೊಳ್ಳಿ."

ಹೀಗೆ ಮೂವರ ಮಡಿಲೂ ತುಂಬಿತು. ಪರಮೇಶನಿಗೆ ಮಡಿಲೆಂದರೆ ಟವೆಲ್ಲು. ಅಕ್ಕಿ, ಕಾಯಿಯ ಜೊತೆಗೆ ಹಸಿರು ರವಿಕೆ ಕಣವೂ ಬಂತು. ತಾತನ ತಿಥಿ ಊಟ ಬಿಟ್ಟರೆ ಕಾಯಿಲೆಯಿಂದ ಎಲ್ಲ ಮರ್ಯಾದೆಯೂ ಸಿಕ್ಕಂತಾಯಿತು ಅಂದ ಅವನು. ಇಂದ್ರಕುಮಾರರು ಕಂಬ ಬಿಟ್ಟು ಬಂದು ಮಗಳ ತಲೆಯ ಮೇಲೆ ಕೈಯಿಟ್ಟು, ಎಲ್ಲರೆದುರು, ಬಾಯಿ ತೆರೆದು ಅತ್ತರು. ಆಮೇಲೆ ಅಂಗಡಿಯ ವ್ಯಾನು ತೆಗೆದರು.

ಸ್ಟೀಲು ಬಕೆಟ್ಟು, ಕುಕ್ಕರುಗಳ ನಡುವೆ ನಾವು ಮೂವರು, ಮುಂದೆ ಅಜ್ಜಿ. ಉಬ್ಬು ಬಂದಾಗಲೆಲ್ಲ ತಟ್ಟೆಗಳು ಜಾಗಟೆಯಂತೆ ಬಾರಿಸಿಕೊಳ್ಳುತ್ತಿದ್ದವು. ಅಪ್ಪನ ಫೋನು ಬಂತು.

"ಎಳ್ನೀರು ಕುಡಿಯಾಕೆ ಎಲ್ಲಿಗ್ ಓದ್ಯವ್ವ?"

"ಚನ್ನರಾಯಪಟ್ಟಣಕ್ಕೆ."

ಅಪ್ಪ ಐದು ತಿಂಗಳಲ್ಲಿ ಮೊದಲ ಸಲ ನನ್ನನ್ನು ಬೈದ. ಬಾಯಿತುಂಬ ಬೈದ. ಕೇಳುತ್ತ ಕೇಳುತ್ತ ನನಗೆ ಕಾಯಿಲೆ ವಾಸಿಯಾದಂತೆನಿಸಿತು.

ಮೂವರ ಡ್ರಿಪ್ಪೂ ಮುಗಿದು ಅಂದು ಸಂಜೆ ಊರಿಗೆ ಬಂದಾಗ ಚಿಕ್ಕಲಕ್ಷ್ಮಮ್ಮಜ್ಜಿ ಜಗುಲಿಯ ಮೇಲೇ ಇತ್ತು. "ಕೂಸೇ, ಲಾಡು?" ಅಂತು.

ಒಮ್ಮೆ ಆಡಿದ ಪದ ಎರಡನೇ ಸಲ ಅಷ್ಟು ಭಾರವಿರಲಿಲ್ಲ. "ಅಜ್ಜಿ, ನಾವು ತಿರುಪತಿಗೆ ಹೋಗೇ ಇಲ್ಲ. ನನಗೆ ಕ್ಯಾನ್ಸರ್," ಅಂದೆ.

ಅಜ್ಜಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಿತು.

"ಗೊತ್ತು ಕಣವ್ವ. ಮುಡಿ ಕೊಟ್ಟೋರ್ಗೆ ತಲೆ ಬೋಳಾಯ್ತದೆ. ಉಬ್ಬು ಯಾವ ದ್ಯಾವ್ರು ಕೇಳ್ತಾನೆ? ಬೀದಿಗೆಲ್ಲಾ ಗೊತ್ತು. ನೀವಾಗೇ ಬಾಯಿ ಬುಡ್ಲಿ, ಆಮ್ಯಾಕೆ ಕಷ್ಟ ಸುಕ ಕೇಳಾಣ ಅಂತ ವಾರವಾರವೂ ಲಾಡು ಲಾಡು ಅಂತ ಬಂದೆ. ಒಬ್ರಾದ್ರೂ ಬುಟ್ರಾ? ನಂಗೆ ಸಕ್ರೆ ಕಾಯ್ಲೆ ಕಣವ್ವ, ನಾನು ಲಾಡು ತಿಂದು ಆರು ವರ್ಸ ಆಯ್ತು."

ಆ ಮುದುಕಿಯ ಮೇಲೆ ಕೋಪ ಮಾಡಿಕೊಂಡಿದ್ದಕ್ಕೆ ನನಗೆ ನನ್ನ ಮೇಲೇ ಕೋಪ ಬಂತು. ಅದರ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಅದು ನನ್ನ ಬೋಳುತಲೆಯನ್ನು ಸವರುತ್ತ, ಎಳೇ ಕುಂಬಳಕಾಯಿ ಇದ್ದಂಗದೆ ಅಂತು.

ಮನೆಗೆ ಹೋಗಿ ತ್ರಿಷಾಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಪಕ್ಕದಲ್ಲಿದ್ದ ಅಜ್ಜಿಯನ್ನು, ನಿಮಗೂ ಮೊದಲ ದಿನದಿಂದಲೇ ನನ್ನ ಹುಬ್ಬು ಬರೆದದ್ದು ಅಂತ ಗೊತ್ತಿತ್ತಾ ಎಂದು ಕೇಳಿದ್ದು ಕೇಳಿಸಿತು. "ಒಂದು ಮೇಲೆ ಒಂದು ಕೆಳಗೆ ಇದ್ರೆ ಯಾರಿಗೆ ಗೊತ್ತಾಗಲ್ಲ? ಅದಕ್ಕೇ ಇವತ್ತು ನಾನೇ ಕೂತು ನೆಟ್ಟಗೆ ಬರೆದದ್ದು," ಎಂದಿತು ಅಜ್ಜಿಯ ದನಿ.

ತ್ರಿಷಾ, "ಹಾಗಾದ್ರೆ ನಾಲ್ಕು ತಿಂಗಳು ನಾನು ಯಾರಿಗೋಸ್ಕರ ಬರ್ಕೊಂಡೆ?" ಅಂದಳು.

ಹತ್ತನೇ ಡ್ರಿಪ್ಪಿಗೆ ಅವಳು ಹುಬ್ಬು ಬರೆದುಕೊಳ್ಳದೆ ಬಂದಳು. ನಾನು ಕಿಟಕಿ ಕುರ್ಚಿಯಲ್ಲಿ ಕುಳಿತಿದ್ದೆ. ಎದುರಿಗೆ ಬಂದು ನಿಂತಳು.

"ಕೆಟ್ಟದಾಗಿ ಕಾಣ್ತಿದ್ದೀಯ," ಅಂದೆ.

"ನೀನೂ ಹಾಗೇ ಇದ್ದೀಯ. ಏಳು, ಅದು ನನ್ನ ಕುರ್ಚಿ," ಅಂದಳು.